ವಿಷಯ ಹಾರ್ಡ್ ಐತಿ

ನಮ್ಮ ಮನೆಯ ಅಡುಗೆಮನೆಗೂ ಪಡಸಾಲೆಗೂ ನಡುವೆ ಇರುವುದು ಒಂದೇ ಗೋಡೆ. ಗೋಡೆಯ ಆಚೆ ಕೂತು ನನ್ನ ತಮ್ಮನ ಮಗಳು ಸೃಷ್ಟಿ ಫೋನಿನಲ್ಲಿ ಮಾತಾಡುತ್ತಾಳೆ. ಈಚೆ ಕೂತು ನಾನು ರೊಟ್ಟಿ ಬಡಿಯುತ್ತ ಹೆದರುತ್ತೇನೆ.

ಆಕೆ ಆಡುವುದು ಕನ್ನಡವೇ. ನಡುನಡುವೆ ಒಂದಿಷ್ಟು ಮರಾಠಿ, ಒಂದಿಷ್ಟು ಇಂಗ್ಲಿಷು. ಬೇರೆಬೇರೆಯಾಗಿ ಮೂರೂ ನನಗೆ ಬರುತ್ತವೆ. ಮೂರೂ ಕೂಡಿ ಬಂದಾಗ ಮಾತ್ರ ಕೈಕಾಲು ತಣ್ಣಗಾಗುತ್ತವೆ. ಒಮ್ಮೆ ಆಕೆ ಯಾರಿಗೋ, "ಅಂವ ಆಕೀನ್ನ ಘೋಸ್ಟ್ ಮಾಡ್ಯಾನ ಲೇ, ಪಾಪ, ಊಟಾನ ಬಿಟ್ಟಾಳ ಆಕಿ" ಎಂದದ್ದು ಕಿವಿಗೆ ಬಿತ್ತು. ಬಡಿಯುತ್ತಿದ್ದ ರೊಟ್ಟಿ ಅಲ್ಲೇ ಹರಿಯಿತು. ಮಾಟ, ಮಂತ್ರ, ಭಾನಾಮತಿ ಎಲ್ಲ ಕಣ್ಣ ಮುಂದೆ ಬಂದವು. ಅವತ್ತು ಸಂಜೆ ಆಕೆಯ ಹಣೆಗೆ ಅಡ್ಡಡ್ಡ ವಿಭೂತಿ ಬಳಿದೆ. "ಇವತ್ತ ಯಾವ ಹಬ್ಬ ಅತ್ತಿ?" ಎಂದು ಕೇಳಿದಳು. ಹುಡುಗ ಫೋನು ಎತ್ತುವುದನ್ನೂ ಉತ್ತರ ಬರೆಯುವುದನ್ನೂ ನಿಲ್ಲಿಸಿದರೆ ಅದಕ್ಕೆ ಹಾಗೆನ್ನುತ್ತಾರೆ ಎಂದು ನನಗೆ ತಿಳಿದದ್ದು ಬಹಳ ದಿನಗಳ ಮೇಲೆ. ಇಷ್ಟಕ್ಕೂ ನಾನು ಬೆಳಗಾವಿಯ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಹಳಗನ್ನಡದ ಪದ್ಯವನ್ನು ಬಿಡಿಸಿ ಬಿಡಿಸಿ ಹೇಳಿದವಳಿಗೆ ಮನೆಯ ಮಗಳ ಮಾತು ಬಿಡಿಸಲು ಬರಲಿಲ್ಲ ನೋಡಿ.

ಮಾತಿಗೆ ಹೆದರುವುದು ನನಗೆ ಚಿಕ್ಕಂದಿನಿಂದ ಬಂದ ರೋಗ. ನಾವಾಗ ಹಿಂಡಲಗಾದಲ್ಲಿದ್ದೆವು. ನಮ್ಮಪ್ಪ ಅಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದರು. ನಾನು ಶಾಲೆಗೆ ಬರುತ್ತಿದ್ದದ್ದು ಬೆಳಗಾವಿಗೆ. ಮೊದಲ ದಿನ ಬಾಜೂಕ ಕೂತ ಹುಡುಗಿ, "ನಿಮ್ಮಪ್ಪ ಎಲ್ಲಿರ್ತಾರ?" ಎಂದು ಕೇಳಿದಳು. "ಹಿಂಡಲಗಾದಾಗ" ಎಂದೆ. ಆಕೆಯ ಮುಖ ಸಪ್ಪಗಾಯಿತು. ತನ್ನ ಡಬ್ಬಿಯ ಶೇಂಗಾ ಉಂಡೆಯನ್ನು ನನಗೆ ಕೊಟ್ಟಳು. ಮರುದಿನವೂ ಕೊಟ್ಟಳು. ಎಷ್ಟು ಒಳ್ಳೆಯವಳು ಎಂದುಕೊಂಡು ನಾನು ತಿಂದೆ. ಆಮೇಲೊಂದು ದಿನ ಮೆಲ್ಲಗೆ, "ಯಾವಾಗ ಬಿಡ್ತಾರಂತ?" ಎಂದಳು. ಊರಲ್ಲಿ ಯಾರಾದರೂ ಹಿಂಡಲಗಾಕ್ಕೆ ಹೋದರು ಅಂದರೆ ಜೇಲಿಗೆ ಹೋದರು ಎಂದೇ ಅರ್ಥ ಎಂಬುದು ಹಿಂಡಲಗಾದಲ್ಲೇ ಇದ್ದ ನನಗೆ ಗೊತ್ತಿರಲಿಲ್ಲ. ಅಪ್ಪ ಅಂಗಡಿಯವರು ಎಂದು ತಿಳಿಸಿದ ಮೇಲೆ ಉಂಡೆ ನಿಂತುಹೋಯಿತು.

ಮನೆಯಲ್ಲಿ ಹಿರಿಯರದು ಇನ್ನೊಂದು ಪದ್ಧತಿ. ಮಕ್ಕಳಿಗೆ ತಿಳಿಯಬಾರದ ಮಾತು ಬಂದರೆ ಅಪ್ಪ ಅವ್ವ ಇಬ್ಬರೂ ಕನ್ನಡ ಬಿಟ್ಟು ಮರಾಠಿಗೆ ಹಾರುತ್ತಿದ್ದರು. ಹಾರಿದರೆಂದರೆ ಯಾರೋ ಸತ್ತಿದ್ದಾರೆ, ಇಲ್ಲವೇ ಯಾರೋ ಓಡಿಹೋಗಿದ್ದಾರೆ. ಹೀಗಾಗಿ ಮರಾಠಿಯಲ್ಲಿ ನಾನು ಮೊದಲು ಕಲಿತ ಶಬ್ದಗಳೆಲ್ಲ ಕೆಟ್ಟ ಸುದ್ದಿಯ ಶಬ್ದಗಳು. ಇವತ್ತಿಗೂ ಪೇಟೆಯಲ್ಲಿ ಯಾರಾದರೂ ದನಿ ತಗ್ಗಿಸಿ ಮರಾಠಿಯಲ್ಲಿ ಬದನೆಕಾಯಿಯ ದರ ಕೇಳಿದರೂ ನನ್ನ ಎದೆ ಒಮ್ಮೆ ಝಲ್ಲೆನ್ನುತ್ತದೆ.

ಹೀಗಿರುವಾಗ ಮಳೆಗಾಲದ ಒಂದು ರವಿವಾರ ಸೃಷ್ಟಿ ಖಾನಾಪುರಕ್ಕೆ ಹೋದಳು. ಆಕೆಯ ಗೆಳತಿ ಆಲ್ಫಿಯಾಳ ಮನೆ ಅಲ್ಲಿ. ಇಬ್ಬರೂ ಬೆಳಗಾವಿಯಲ್ಲಿ ಒಂದೇ ಕಾಲೇಜು. ಆಲ್ಫಿಯಾ ದಿನಾ ಬಸ್ಸಿನಲ್ಲಿ ಬಂದುಹೋಗುವವಳು. ತಮ್ಮ ಬಸು ರವಿವಾರವೂ ಆಟೋ ನಗರದ ತನ್ನ ವರ್ಕ್‌ಶಾಪಿಗೆ ಹೋಗಿದ್ದ. ಅವನ ಹೆಂಡತಿ ತವರಿಗೆ ಹೋಗಿದ್ದಳು. ಮನೆಯಲ್ಲಿ ನಾನೊಬ್ಬಳೇ ಉಂಡು ಅಡ್ಡಾಗಬೇಕು ಅನ್ನುವಷ್ಟರಲ್ಲಿ ಫೋನು ಟಿಣ್ ಎಂದಿತು. ಮನೆಮಂದಿಯ ಗುಂಪಿಗೆ ಸೃಷ್ಟಿಯ ದನಿ ಬಂದಿತ್ತು. ಒತ್ತಿದೆ.

ಹಿಂದೆ ಭೋರೆಂದು ನೀರಿನ ಸಪ್ಪಳ. ಆಕೆ ಏದುಸಿರು ಬಿಡುತ್ತ, "ಲೇ, ಇಲ್ಲಿ ವಿಷಯ ಹಾರ್ಡ್ ಐತಿ... ಹೊಳಿ ನೋಡಿ... ನಾ ಅಂತೂ ಸತ್ನಿ ಲೇ... ವಿಷಯ ಕಟ್!" ಎಂದಳು. ಆಮೇಲೆ ಒಂದು ಚೀರು. ಅಷ್ಟೇ.

ಇನ್ನೊಮ್ಮೆ ಕೇಳೋಣವೆಂದು ಬೆರಳು ಇಡುವಷ್ಟರಲ್ಲಿ ಅದು ಮಾಯವಾಯಿತು. ಅದಿದ್ದ ಜಾಗದಲ್ಲಿ, ಈ ಸಂದೇಶವನ್ನು ಅಳಿಸಲಾಗಿದೆ ಎಂಬ ಸಾಲು ಬಂದು ಕೂತಿತು. ಫೋನು ಮಾಡಿದೆ. ಸ್ವಿಚ್ ಆಫ್ ಆಗಿದೆ ಎಂದಿತು. ಮತ್ತೆ ಮಾಡಿದೆ. ಮತ್ತೂ ಅದೇ. ಬಸುವಿನ ಫೋನು ಗಂಟೆ ಹೊಡೆದು ಹೊಡೆದು ನಿಂತಿತು. ಅಲ್ಲಿ ಯಂತ್ರಗಳ ಸದ್ದಿನಲ್ಲಿ ಅವನಿಗೆ ಯಾವ ಫೋನೂ ಕೇಳಿಸುವುದಿಲ್ಲ. ಹೊಳೆ ನೋಡಿ, ಸತ್ತೆ, ಕಟ್. ಈ ಮೂರು ಮಾತನ್ನು ನೀವಾದರೂ ಹೇಗೆ ಜೋಡಿಸುತ್ತೀರಿ ಹೇಳಿ.

ಉಟ್ಟ ಸೀರೆಯಲ್ಲೇ ಬಸ್‌ಸ್ಟ್ಯಾಂಡಿಗೆ ಓಡಿದೆ. ಖಾನಾಪುರದ ಬಸ್ಸು ಸಿಕ್ಕಿತು, ಕಿಟಕಿಯ ಪಕ್ಕದ ಸೀಟೂ ಸಿಕ್ಕಿತು. ಆದರೆ ಹೊರಗೆ ನೋಡುವ ಧೈರ್ಯ ಇರಲಿಲ್ಲ. ದೇಸೂರಿನ ಹತ್ತಿರ ಗದ್ದೆಗಳೆಲ್ಲ ನೀರು ತುಂಬಿ ಬೆಳ್ಳಗಾಗಿದ್ದವು. ಅಷ್ಟು ನೀರು ನೋಡಿದ್ದೇ ಮುಂದಿನ ಸೀಟಿನ ಸರಳು ಬಿಗಿಯಾಗಿ ಹಿಡಿದುಕೊಂಡೆ. ಪಕ್ಕದ ಹೆಂಗಸು, "ಆರಾಮ ಇಲ್ಲೇನ್ರೀ?" ಎಂದಳು. ಬಾಯಿ ತೆರೆದರೆ ಅಳು ಬರುತ್ತದೆಂದು ತಲೆ ಅಲ್ಲಾಡಿಸಿದೆ. ಹುಡುಗಿ ಕೆಲವು ದಿನಗಳಿಂದ ಊಟ ಸರಿಯಾಗಿ ಮಾಡುತ್ತಿರಲಿಲ್ಲವೇ? ಯಾರ ಜೊತೆಗಾದರೂ ಜಗಳವಾಗಿತ್ತೇ? ಗೋಡೆಯ ಆಚೆಯಿಂದ ದಿನವೂ ಕೇಳಿದ ಮಾತುಗಳನ್ನೆಲ್ಲ ನೆನಪಿಗೆ ತಂದು ಅರ್ಥ ಹುಡುಕಿದೆ. ಒಂದಕ್ಕೂ ಅರ್ಥ ಹತ್ತಲಿಲ್ಲ. ಒಂದೇ ಮನೆಯಲ್ಲಿ ಉಂಡು ಮಲಗುವ ಹುಡುಗಿಯ ಬಗ್ಗೆ ನನಗೆ ಏನೇನೂ ಗೊತ್ತಿಲ್ಲ ಎಂಬುದು ಆ ಬಸ್ಸಿನಲ್ಲಿ ಗೊತ್ತಾಯಿತು. ಆ ಭಯ ಹೊಳೆಯ ಭಯಕ್ಕಿಂತ ಸಣ್ಣದೇನೂ ಆಗಿರಲಿಲ್ಲ.

ಆಲ್ಫಿಯಾಳ ತಂದೆಯದು ಪೇಟೆಯಲ್ಲಿ ಬಳೆ ಅಂಗಡಿ ಎಂಬುದಷ್ಟೇ ನೆನಪಿತ್ತು. ಕೇಳುತ್ತ ಹೋಗಿ ಅವರ ಮನೆಯ ಬಾಗಿಲು ಬಡಿದೆ. ತೆರೆದವರು ಆಕೆಯ ಅಜ್ಜಿ, ಖೈರುನ್‌ಬಿ. ಸೃಷ್ಟಿಯ ಅತ್ತೆ ಎಂದೆ. ನನ್ನ ಮುಖ ನೋಡಿ ಹೆದರಿದರು.

"ಬರ್ರಿ ಅಕ್ಕೋರ, ಕುಂದರ್ರಿ. ಏನಾತು?"

"ಹುಡುಗ್ಯಾರು ಎಲ್ಲದಾರ್ರೀ?"

"ಹೊಳಿ ನೋಡಾಕ ಹೋಗ್ಯಾರ. ನೀರ ಭಾಳ ಬಂದೈತಂತ."

ನಾನು ಗೋಡೆ ಹಿಡಿದುಕೊಂಡೆ. ಕೇಳಿದ್ದನ್ನು ಹೇಳಿದೆ. ಖೈರುನ್‌ಬಿ, "ಯಾ ಅಲ್ಲಾ" ಎಂದು ಎದೆಯ ಮೇಲೆ ಕೈಯಿಟ್ಟವರೇ ಗೂಟಕ್ಕಿದ್ದ ಬುರ್ಖಾ ಎಳೆದುಕೊಂಡರು. ಮೊಣಕಾಲು ನೋವಿನ ಇಬ್ಬರು ಮುದುಕಿಯರು ಒಂದೇ ಛತ್ರಿಯಲ್ಲಿ ಮಲಪ್ರಭೆಯ ಕಡೆಗೆ ಓಡಿದೆವು. ಓಡುವುದೆಂದರೆ ನಮ್ಮ ಲೆಕ್ಕದ ಓಟ. ಹಿಂದಿನಿಂದ ಬಂದ ಎಮ್ಮೆ ನಮ್ಮನ್ನು ದಾಟಿ ಮುಂದೆ ಹೋಯಿತು.

ದಂಡೆಯ ಮೇಲೆ ಜನ ಗುಂಪುಗೂಡಿ ನಿಂತು ಕೆಳಗೆ ನೋಡುತ್ತಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ಕೆಂಪು ನೀರು ಮೆಟ್ಟಿಲುಗಳನ್ನು ನುಂಗಿ ಸುತ್ತಿಕೊಂಡು ಹೋಗುತ್ತಿತ್ತು. ನನ್ನ ಕಾಲು ಅಲ್ಲೇ ನಿಂತವು. ಖೈರುನ್‌ಬಿ ನನ್ನ ರಟ್ಟೆ ಹಿಡಿದುಕೊಂಡೇ ಒಬ್ಬನನ್ನು, "ಏನ್ ನೋಡಾಕತ್ತೀರಪಾ?" ಎಂದು ಕೇಳಿದರು.

"ಏನಿಲ್ಲ ಅಜ್ಜಿ, ನೀರ ನೋಡಾಕತ್ತೇವಿ" ಎಂದ ಅವನು.

ಅಷ್ಟರಲ್ಲಿ ಆಚೆ ಮಗ್ಗುಲಿನಿಂದ, "ಅತ್ತಿ! ನೀ ಇಲ್ಲಿ?" ಎಂಬ ದನಿ. ತಾಡಪತ್ರಿಯ ಕೆಳಗೆ ಸೃಷ್ಟಿ, ಆಲ್ಫಿಯಾ, ಇನ್ನೂ ಇಬ್ಬರು ಹುಡುಗಿಯರು ಸುಟ್ಟ ಗೊಂಜಾಳ ತೆನೆಗೆ ಲಿಂಬೆಹಣ್ಣು ತಿಕ್ಕಿ ತಿನ್ನುತ್ತಿದ್ದರು. ಒಬ್ಬಳ ಲಂಗದ ತುಂಬ ರಾಡಿ. ಆಕೆ ಫೋಟೋ ತೆಗೆಸಿಕೊಳ್ಳಲು ನಿಂತು ಜಾರಿ ಬಿದ್ದಿದ್ದಳು, ಏಳಲು ಹೋಗಿ ಚೀರಿ ಮತ್ತೆ ಬಿದ್ದಿದ್ದಳು. ಅದನ್ನು ನೋಡಿ ನಮ್ಮವಳು ನಕ್ಕು ನಕ್ಕು 'ಸತ್ತಿದ್ದಳು'. ಹೊಳೆ ಭಾರಿ ಚಂದ ಕಾಣುತ್ತಿತ್ತು, ಅದು 'ವಿಷಯ ಹಾರ್ಡ್'. ಇದಕ್ಕಿಂತ ಹೆಚ್ಚು ಹೇಳುವುದಿಲ್ಲ, ಅದು 'ವಿಷಯ ಕಟ್'. ಗೆಳತಿಯರ ಗುಂಪಿಗೆ ಕಳಿಸುವುದನ್ನು ಮನೆಯ ಗುಂಪಿಗೆ ಕಳಿಸಿ ಅಳಿಸಿದ್ದಳು, ಅಷ್ಟರಲ್ಲಿ ಫೋನಿನ ಚಾರ್ಜು ಮುಗಿದಿತ್ತು.

ನಾನು ನಗಲಿಲ್ಲ. ನಿಂತಲ್ಲೇ ಅತ್ತೆ. ನಾಲ್ಕು ಮಂದಿಯ ಮುಂದೆ ಅತ್ತದ್ದಕ್ಕೆ ಸೃಷ್ಟಿಗೆ ಸಿಟ್ಟು ಬಂತು.

"ಎಲ್ಲಾರ ಮುಂದ ಏನಿದು ಅತ್ತಿ? ನಾ ಸಣ್ಣ ಕೂಸೇನ?"

"ಸತ್ನಿ ಅಂದೆಲ್ಲವಾ ನೀ."

"ಹಂಗ ಅಂದ್ರ ಹಂಗಲ್ಲ ಅದು!"

"ಮತ್ತ ಹೆಂಗ? ನನಗ ಹೆಂಗ ತಿಳಿಬೇಕು?"

ಖೈರುನ್‌ಬಿ ನಮ್ಮೆಲ್ಲರನ್ನೂ ಮನೆಗೆ ಕರೆದುಕೊಂಡು ಹೋಗಿ ಚಹಾ ಮಾಡಿದರು. "ಅಕ್ಕೋರ, ನಮ್ಮಕೀನೂ ಹಂಗ ಮಾತಾಡ್ತಾಳ್ರಿ. ಮೊನ್ನಿ 'ದಾದಿ, ನೀ ಕಿಲ್ಲರ್' ಅಂದಳು. ನಾ ಯಾರನ್ನ ಕೊಂದೇನೆವ್ವಾ ಅಂತ ದಿನಾಪೂರ್ತಿ ಮಾತ ಬಿಟ್ಟಿದ್ನಿ" ಎಂದರು. ಹುಡುಗಿಯರು ಬಿದ್ದು ಬಿದ್ದು ನಕ್ಕರು. ನಗು ಇಳಿದ ಮೇಲೆ ಆಲ್ಫಿಯಾ ನನ್ನ ಹತ್ತಿರ ಬಂದು ಕೂತು ಮೆಲ್ಲಗೆ ಹೇಳಿದಳು: "ಅತ್ತಿ, ನಾವು ಸತ್ನಿ ಅಂದ್ರ ಅಂಜಬ್ಯಾಡ್ರಿ. ಸತ್ನಿ ಅನ್ನಾಕ ನಮಗ ಉಸರೈತಿ ಅಂದಂಗಾತು. ಖರೇ ಅಂಜೋದು ಬ್ಯಾರೇ ಐತ್ರಿ. ನಾವು 'ಓಕೆ' ಅಂತ ಬರದು ಮುಂದ ಚುಕ್ಕಿ ಇಟ್ವಿ ಅಂದ್ರ, ಆಗ ಅಂಜ್ರಿ."

ಕನ್ನಡದ ಟೀಚರಿಗೆ ಪೂರ್ಣವಿರಾಮದ ಬಗ್ಗೆ ಹುಡುಗಿಯೊಬ್ಬಳು ಹೊಸ ಪಾಠ ಹೇಳಿದಳು. ವಾಕ್ಯ ಮುಗಿದರೆ ಚುಕ್ಕಿ ಇಡಿ ಎಂದು ಜೀವಮಾನವೆಲ್ಲ ಕೆಂಪು ಶಾಯಿಯಲ್ಲಿ ಬರೆದವಳು ನಾನು. ಇವರಲ್ಲಿ ಚುಕ್ಕಿ ಇಟ್ಟರೆ ಬಾಗಿಲು ಹಾಕಿಕೊಂಡಂತೆ.

ಅಂದಿನಿಂದ ಸೃಷ್ಟಿ ನನಗೆ ಗುರುವಾದಳು. ಮೊದಮೊದಲು ಮುಜುಗರಪಟ್ಟಳು, ಆಮೇಲೆ ಅವಳಿಗೂ ಮಜಾ ಬಂತು. 'ಸೀನ್' ಅಂದರೆ ತೊಂದರೆ, ಪಂಚಾಯ್ತಿ. 'ವಾಟ್ ಲಾಗ್ಲಿ' ಅಂದರೆ ಕೆಲಸ ಕೆಟ್ಟಿತು, ಪೂರಾ ಕೆಟ್ಟಿತು. 'ಲೋಡ್ ತಗೋಬ್ಯಾಡ' ಅಂದರೆ ಚಿಂತೆ ಬೇಡ. ಕಲಿತದ್ದನ್ನು ಬಳಸಬೇಕೆಂಬ ಹುಚ್ಚು ನನಗೆ. ಬಳಗದವರ ಮನೆಯ ಹೆಸರಿಡುವ ಕಾರ್ಯದಲ್ಲಿ ಗೋಧಿ ಹುಗ್ಗಿ ತಿಂದು, ಬಡಿಸಿದಾಕೆಗೆ, "ಹುಗ್ಗಿ ವಿಷಯ ಹಾರ್ಡ್ ಐತಿ ನೋಡವಾ" ಎಂದೆ. ಆಕೆಯ ಮುಖ ಸಣ್ಣದಾಯಿತು. ಗೋಧಿ ಬೆಂದಿಲ್ಲವೆಂದು ಒಳಗೆ ಸುದ್ದಿ ಹೋಗಿ, ಪಾತ್ರೆ ಮತ್ತೆ ಒಲೆ ಏರಿ, ಮುಂದಿನ ಪಂಕ್ತಿಯವರು ಹುಗ್ಗಿಗಾಗಿ ಎಲೆಯ ಮುಂದೆ ಕಾದು ಕೂತರು. ಸೃಷ್ಟಿ ಮೂಲೆಯಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಅವತ್ತು ಸತ್ತವಳು ಅವಳೇ.

ಚಳಿಗಾಲ ಕಾಲಿಡುವ ಹೊತ್ತಿಗೆ ಗೋಡೆಯ ಆಚೆಯ ದನಿ ಕಡಿಮೆಯಾಯಿತು. ಪರೀಕ್ಷೆ ಬಂತೆಂದು ನಾನು ತಿಳಿದೆ. ಒಂದು ಮಧ್ಯಾಹ್ನ, ಕಾಲೇಜು ಬಿಟ್ಟು ಬಹಳ ಹೊತ್ತಾದರೂ ಅವಳು ಬಾರದ್ದಕ್ಕೆ, "ಎಲ್ಲದಿ? ಯಾವಾಗ ಬರ್ತಿ?" ಎಂದು ಬರೆದೆ.

ಉತ್ತರ ಬಂತು. "ತಡ ಆಗುತ್ತದೆ. ನೀವು ಊಟ ಮಾಡಿರಿ. ನಾನು ಓಕೆ."

ಚುಕ್ಕಿ ಇತ್ತು. ಒಂದಲ್ಲ, ಎಲ್ಲ ವಾಕ್ಯಕ್ಕೂ ಇತ್ತು. ಒಂದೂ ತಪ್ಪಿರಲಿಲ್ಲ. ನನ್ನನ್ನು 'ನೀವು' ಎಂದಿದ್ದಳು. ಉತ್ತರಪತ್ರಿಕೆಯಲ್ಲಿ ಇಂಥ ಕನ್ನಡ ಕಂಡಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದೆ. ಈಗ ಅದನ್ನು ಮತ್ತೆ ಮತ್ತೆ ಓದಿದೆ. ಹೊಳೆಯ ದಿನ ಓಡಿದ್ದೆ, ಅತ್ತಿದ್ದೆ. ಈ ಸಲ ಭಯ ಬೇರೆ ಥರ ಬಂತು. ಸದ್ದಿಲ್ಲದೆ ಬಂದು ಕುತ್ತಿಗೆಯ ಹಿಂದೆ ನಿಂತಿತು.

ಏನು ಬರೆಯಲಿ? "ಏನಾಗಿದೆ, ನಿಜ ಹೇಳು" ಎಂದು ಬರೆದು ಅಳಿಸಿದೆ. "ಈಗಿಂದೀಗ ಮನೆಗೆ ಬಾ" ಎಂದು ಬರೆದು ಅಳಿಸಿದೆ. ಹಾಗೆ ಕೇಳಿದರೆ ಇನ್ನೊಂದು ಚುಕ್ಕಿ ಬರುತ್ತದೆ, ಅಷ್ಟೇ. ಕೊನೆಗೆ, "ಸೀನ್ ಐತೇನ?" ಎಂದು ಕಳಿಸಿದೆ.

ಆಕೆ ಬರೆಯುತ್ತಿದ್ದಾಳೆ ಎಂದು ತೋರಿಸಿತು. ನಿಂತಿತು. ಮತ್ತೆ ತೋರಿಸಿತು. ಮತ್ತೆ ನಿಂತಿತು. ಆಮೇಲೆ ಬಂತು:

"ಹೂಂ ಅತ್ತಿ ದೊಡ್ಡ ಸೀನ್ ಐತಿ ವಾಟ್ ಲಾಗೇತಿ ನಂದು"

ಚುಕ್ಕಿ ಇರಲಿಲ್ಲ. ಬಾಗಿಲು ತೆರೆದಿತ್ತು.

ಆಕೆ ಇದ್ದದ್ದು ಖಾನಾಪುರದ ರೈಲು ನಿಲ್ದಾಣದಲ್ಲಿ. ತುಂಡು ತುಂಡಾಗಿ ಬರೆದು ತಿಳಿಸಿದಳು. ಫೋನಿನಲ್ಲಿ ಪರಿಚಯವಾದ ಒಬ್ಬ, ಮೊದಲು ಒಳ್ಳೊಳ್ಳೆಯ ಮಾತಾಡಿದವನು, ಆಕೆಯ ಮುಖವನ್ನು ಯಾವುದೋ ಹೊಲಸು ಚಿತ್ರಕ್ಕೆ ಅಂಟಿಸಿದ್ದ. ಹೇಳಿದಲ್ಲಿಗೆ ಒಬ್ಬಳೇ ಬರದಿದ್ದರೆ ಅದನ್ನು ಕಾಲೇಜಿಗೂ ಅಪ್ಪನ ವರ್ಕ್‌ಶಾಪಿಗೂ ಕಳಿಸುತ್ತೇನೆ ಎಂದಿದ್ದ. ಅವನು ಇನ್ನೂ ಬಂದಿರಲಿಲ್ಲ. ಬರುವವನಿದ್ದ.

"ಟಿಕೆಟ್ ಕೊಡೋ ಕಿಡಕಿ ಮುಂದ ಕುಂದ್ರು. ಮಂದಿ ಬಿಟ್ಟು ಸರಿಬ್ಯಾಡ. ಲೋಡ್ ತಗೋಬ್ಯಾಡ" ಎಂದು ಬರೆದೆ. ಲೋಡೆಲ್ಲ ನನ್ನ ಮೇಲೆ ಕೂತಿತ್ತು. ನಾನು ಬೆಳಗಾವಿಯಿಂದ ಹೋಗುವಷ್ಟರಲ್ಲಿ ಏನಾಗುತ್ತದೋ ಯಾರು ಬಲ್ಲರು? ಖೈರುನ್‌ಬಿಗೆ ಫೋನು ಮಾಡಿದೆ. ಪೂರ್ತಿ ಹೇಳಲು ಬಿಡಲಿಲ್ಲ ಅವರು. "ಸ್ಟೇಶನ್ ತಾನ? ಹೊಂಟೆ" ಎಂದರು. ಆಮೇಲೆ ಬಸುವಿಗೆ ಮಾಡಿದೆ. ದೇವರ ದಯೆ, ಅವತ್ತು ಎತ್ತಿದ.

ಬಸು ಕಾರು ತಂದ. ಸ್ಟೇರಿಂಗ್ ಹಿಡಿದ ಅವನ ಕೈಬೆರಳು ಬೆಳ್ಳಗಾಗಿದ್ದವು. ಮಗಳನ್ನು ಹೊಡೆದುಗಿಡೆದಾನು ಎಂದು ನನಗೆ ಇನ್ನೊಂದು ಭಯ. "ಬಸು, ಆಕೀಗೆ ಏನೂ ಅನಬ್ಯಾಡ" ಎಂದೆ. ಕೇಳಿಸಿತೋ ಇಲ್ಲವೋ. ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು, ರೈಲು ಬರುವುದಿತ್ತು. ಕಾದು ನಿಂತಾಗ, ಆ ರೈಲಿನಲ್ಲೇ ಅವನು ಬಂದರೆ ಎಂಬ ಯೋಚನೆ ಬಂದು ನಾನು ಕಣ್ಣು ಮುಚ್ಚಿದೆ.

ನಿಲ್ದಾಣಕ್ಕೆ ಹೋದಾಗ ಸೃಷ್ಟಿ ಕಲ್ಲಿನ ಬೆಂಚಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಖೈರುನ್‌ಬಿ. ಹುಡುಗಿಯ ಎರಡೂ ಕೈ ಅವರ ಮಡಿಲಲ್ಲಿದ್ದವು. ಅವನು ಬಂದಿದ್ದನಂತೆ. ದೂರದ ಕಂಬದ ಹತ್ತಿರ ನಿಂತು ಕೈಸನ್ನೆ ಮಾಡಿದನಂತೆ. ಖೈರುನ್‌ಬಿ ಎದ್ದು ನಿಂತು, ಇಡೀ ಪ್ಲಾಟ್‌ಫಾರ್ಮಿಗೆ ಕೇಳುವಂತೆ, "ಕಿಸಕೂ ಬುಲಾರಾ ರೇ? ಇಧರ್ ಆ, ಮೇರೇ ಸಾಮ್ನೇ ಆ!" ಎಂದು, ಯಾರನ್ನು ಕರೆಯುತ್ತಿದ್ದೀಯೋ, ಬಾ ನನ್ನೆದುರಿಗೆ ಎಂದು ಸವಾಲು ಹಾಕಿದರಂತೆ. ಮಂದಿ ತಿರುಗಿ ನೋಡಿದ್ದೇ ಅವನು ಹೊರಗೋಡಿ ಬೈಕು ಹತ್ತಿದನಂತೆ. ಅಷ್ಟು ಕೂಗಿದವರ ತುಟಿ ನಾವು ಹೋದಾಗಲೂ ಅದುರುತ್ತಲೇ ಇತ್ತು.

ಬಸು ಮಗಳ ಮುಂದೆ ಹೋಗಿ ಕುಕ್ಕರಗಾಲಿನಲ್ಲಿ ಕೂತ. ಸೃಷ್ಟಿ ಹೊಡೆತಕ್ಕೆ ಕಾದವಳಂತೆ ತಲೆ ತಗ್ಗಿಸಿದಳು.

"ಮುಂಜಾನಿಂದ ಏನರೆ ತಿಂದಿಯೇನವ್ವಾ?" ಎಂದು ಕೇಳಿದ ಅವನು.

ಆಗ ಅತ್ತಳು ಅವಳು, ಅಷ್ಟು ದಿನ ಅಳದಿದ್ದದ್ದನ್ನೆಲ್ಲ.

ಮರುದಿನ ಪೊಲೀಸರಿಗೆ ದೂರು ಕೊಟ್ಟೆವು. ಹೇಳುವಾಗ ಸೃಷ್ಟಿಯ ನಾಲಿಗೆ ತಡವರಿಸಿತು, ನಾನು ಬಾಜೂಕ ಕೂತೆ. ಅವರು ಅವನನ್ನು ಹುಡುಕಿ ಹಿಡಿದರು. ಅವನ ಫೋನಿನಲ್ಲಿ ಇನ್ನೂ ಎಷ್ಟೋ ಹುಡುಗಿಯರ ಮುಖಗಳಿದ್ದವು. ಅವರೆಲ್ಲ ತಮ್ಮ ತಮ್ಮ ಮನೆಯಲ್ಲಿ 'ಓಕೆ' ಎಂದು ಬರೆದಿರಬೇಕು. ಪ್ರಕರಣ ನಡೆದಿದೆ. ಭಯ ಹೋಗಿದೆ ಎಂದು ಹೇಳಲಾರೆ. ಆ ಚಿತ್ರ ಬೇರೆಲ್ಲಾದರೂ ಇದೆಯೋ ಇಲ್ಲವೋ ಎಂದು ಯಾರೂ ಖಾತ್ರಿಯಾಗಿ ಹೇಳಲಿಲ್ಲ. ಅಪರಿಚಿತ ನಂಬರಿನಿಂದ ಕರೆ ಬಂದರೆ ಮನೆಯಲ್ಲಿ ಎಲ್ಲರೂ ಒಮ್ಮೆ ಒಬ್ಬರ ಮುಖ ಒಬ್ಬರು ನೋಡುತ್ತೇವೆ.

ಹೋದ ವಾರ ಮಧ್ಯಾಹ್ನ ಹಿತ್ತಲ ಕಟ್ಟೆಯ ಮೇಲೆ ಇಬ್ಬರೂ ಮೆಂತ್ಯ ಪಲ್ಲೆ ಸೋಸುತ್ತ ಕೂತಿದ್ದೆವು. ಸೃಷ್ಟಿ ಒಂದೊಂದೇ ಎಲೆ ಬಿಡಿಸುತ್ತ, ನನ್ನ ಕಡೆ ನೋಡದೆ ಕೇಳಿದಳು.

"ಅತ್ತಿ, ನೀ ನನ್ನಷ್ಟಾಕಿ ಇದ್ದಾಗ ನಿನಗ ಹಿಂತಾದ್ದೇನರೆ ಆಗಿತ್ತ?"

"ಇಲ್ಲವ್ವಾ. ಆಗ ಫೋನ್ ಎಲ್ಲಿದ್ವು?" ಎಂದೆ.

ಆಕೆ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. "ಖರೇ ಹೇಳು."

ನಾನು ಟ್ರೇನಿಂಗ್ ಕಾಲೇಜಿಗೆ ಹೋಗುತ್ತಿದ್ದ ವರ್ಷ, ಹಿಂಡಲಗಾದ ರಸ್ತೆಯಲ್ಲಿ ಒಬ್ಬ ದಿನವೂ ಸೈಕಲ್ಲು ಆನಿಸಿಕೊಂಡು ನಿಂತಿರುತ್ತಿದ್ದ. ಏನೂ ಅನ್ನುತ್ತಿರಲಿಲ್ಲ, ಹಿಂದೆ ಬರುತ್ತಿದ್ದ. ದಿನದಿಂದ ದಿನಕ್ಕೆ ಹತ್ತಿರ ಬರುತ್ತಿದ್ದ. ನಾನು ಅವ್ವನಿಗೆ ತಲೆಶೂಲೆ ಎಂದು ಹೇಳಿ ಮನೆಯಲ್ಲೇ ಉಳಿಯತೊಡಗಿದೆ. ಅವ್ವ ಕಷಾಯ ಮಾಡಿ ಕೊಟ್ಟಳು, ನಾನು ಕುಡಿದೆ. ಅದನ್ನು ಹೇಳಲು ನನ್ನ ಹತ್ತಿರ ಕನ್ನಡವೂ ಇರಲಿಲ್ಲ, ಮರಾಠಿಯೂ ಇರಲಿಲ್ಲ. ಇವತ್ತಿನ ತನಕ ಯಾರಿಗೂ ಹೇಳಿರಲಿಲ್ಲ.

"ಒಬ್ಬಾಂವ ಇದ್ದ..." ಎಂದು ಶುರು ಮಾಡಿದೆ. ಮುಂದಿನ ಮಾತು ಬರಲಿಲ್ಲ. ಇಷ್ಟು ವರ್ಷಗಳ ಮೇಲೂ ಬೆನ್ನ ಹಿಂದೆ ಸೈಕಲ್ಲಿನ ಸಪ್ಪಳ ಕೇಳಿದಂತಾಗಿ ತಿರುಗಿ ನೋಡಿದೆ.

ಸೃಷ್ಟಿ ಪಲ್ಲೆಯ ಬುಟ್ಟಿಯನ್ನು ಬದಿಗೆ ಸರಿಸಿ ನನ್ನ ಮಗ್ಗುಲಿಗೆ ಬಂದು ಕೂತಳು.

"ಅವಸರಿಲ್ಲ ಅತ್ತಿ," ಎಂದಳು. "ನಿನಗ ಹೆಂಗ ಬರ್ತೈತಿ ಹಂಗ ಹೇಳು."